ಮಧ್ಯಾಹ್ನ ಹೋಗುವ ಲೈನು

ಗಜೇಂದ್ರಗಡದ ಬಾಷಾಸಾಬ ರೇಡಿಯೊ ರಿಪೇರಿಯವನು. ರೇಡಿಯೊ ಕೇಳುವವರು ಕಡಿಮೆಯಾದರೂ ಅವನು ರಿಪೇರಿ ಬಿಡಲಿಲ್ಲ. ಸುತ್ತಲಿನ ಊರುಗಳಿಂದ ಹಳೆಯ ವಾಲ್ವ್ ರೇಡಿಯೊಗಳನ್ನು ತಂದು ಮನೆಯಲ್ಲೇ ಬಿಚ್ಚಿಕೊಂಡು ಕೂರುತ್ತಿದ್ದ. ಅವುಗಳ ಒಳಗಿನ ವೈರಿಂಗಿನ ನಕಾಶೆಗಳು ಇಂಟರ್‌ನೆಟ್‌ನಲ್ಲಿ ಸಿಗುತ್ತವೆ ಎಂದು ಅವನಿಗೆ ಗೊತ್ತಾದದ್ದು ೨೦೦೮ರಲ್ಲಿ. ಆದರೆ ಗುಡ್ಡದ ಬುಡದ ಅವನ ಓಣಿಗೆ ಟೆಲಿಫೋನ್ ತಂತಿ ಬಂದಿರಲಿಲ್ಲ. ಬಸ್‌ಸ್ಟ್ಯಾಂಡಿನ ಹಿಂದೆ ಒಬ್ಬಳೇ ಇದ್ದ ಅಕ್ಕ ಹಸೀನಾಳ ಮನೆಗೆ ಬಂದಿತ್ತು.

ಬ್ರಾಡ್‌ಬ್ಯಾಂಡನ್ನು ಅಲ್ಲಿ ಹಾಕಿಸಿದ. ಹುಬ್ಬಳ್ಳಿಯಿಂದ ಎರಡು ವೈರ್‌ಲೆಸ್ ಬ್ರಿಡ್ಜ್ ಪೆಟ್ಟಿಗೆ ತಂದು, ಅಕ್ಕನ ಮಾಳಿಗೆಯ ಮೇಲೊಂದು, ತನ್ನ ಮಾಳಿಗೆಯ ಮೇಲೊಂದು, ಕಬ್ಬಿಣದ ಕೊಳವೆ ನಿಲ್ಲಿಸಿ ಎದುರುಬದುರಾಗಿ ಕಟ್ಟಿದ. ಇಂಟರ್‌ನೆಟ್ ಲೈನು ತಂತಿಯಿಲ್ಲದೆ ಊರು ದಾಟಿ ಬಂತು. ಹೆಂಡತಿ ಸೈರಾಬಾನು ಕಂಪ್ಯೂಟರ್ ಪರದೆಯ ಮೇಲಿನ ನಕಾಶೆ ನೋಡಿ, "ಇಷ್ಟಕ್ಕ ಇಷ್ಟೆಲ್ಲಾ ಮಾಡಿದ್ರಿ?" ಅಂದಳು.

ಕೆಲವು ದಿನಗಳಲ್ಲೇ ಲೈನು ಮಧ್ಯಾಹ್ನ ಕಡಿಯತೊಡಗಿತು. ಕರೆಂಟು ಇದ್ದಾಗಲೂ ಕಡಿಯುತ್ತಿತ್ತು. ಬಾಷಾಸಾಬ ಕೇಬಲ್ ಬದಲಿಸಿದ. ಎರಡೂ ಪೆಟ್ಟಿಗೆಗೆ ಒಂದೇ ನೆಟ್‌ವರ್ಕ್ ವಿಳಾಸ ಬಿದ್ದಿದ್ದು ಕಂಡು ತಿದ್ದಿದ. ಸಿಗ್ನಲ್ಲಿನ ಚಾನೆಲ್ ಬದಲಿಸಿದ. ಎರಡು ಮಾಳಿಗೆಗಳ ನಡುವೆ ಪಕ್ಕದ ಓಣಿಯ ಪ್ರಭುಲಿಂಗಪ್ಪನ ಬೇವಿನ ಮರ ಅಡ್ಡವಿತ್ತು. ಅವನನ್ನು ಕೇಳಿ ಒಂದು ಟೊಂಗೆ ಕಡಿಸಿದ. ಮರುದಿನವೂ ಲೈನು ಹೋಯಿತು. ಪ್ರಭುಲಿಂಗಪ್ಪ ಎದುರು ಸಿಕ್ಕಾಗಲೆಲ್ಲ ಮರದ ಕಡೆ ನೋಡುತ್ತಿದ್ದ.

ಪ್ರತಿ ಸಲ ಬಾಷಾಸಾಬ ಸಂಜೆ ಅಕ್ಕನ ಮನೆಗೆ ಹೋಗುತ್ತಿದ್ದ. ಅಲ್ಲಿ ಪೆಟ್ಟಿಗೆಯ ದೀಪಗಳೆಲ್ಲ ಉರಿಯುತ್ತಿದ್ದವು. ಹಸೀನಾ ಚಹಾ ಮಾಡುತ್ತಿದ್ದಳು. ಅವನು ಮಾಳಿಗೆ ಹತ್ತಿ ಇಳಿದು, ಚಹಾ ಕುಡಿದು, ತಲೆ ಕೆರೆದುಕೊಂಡು ಬರುತ್ತಿದ್ದ.

ಒಂದು ದಿನ ಲೈನು ಹೋದ ಕೂಡಲೇ ಸೈಕಲ್ ಹತ್ತಿದ. ಹಸೀನಾಳ ಅಡುಗೆಮನೆಯಲ್ಲಿ ಚಹಾದ ನೀರು ಆಗಲೇ ಕಾಯುತ್ತಿತ್ತು. ಪಡಸಾಲೆಯ ಗೋಡೆಯಲ್ಲಿ ಪೆಟ್ಟಿಗೆಯ ಸ್ವಿಚ್ಚು ಬಂದಾಗಿತ್ತು.

"ಇದನ್ನ ಯಾರು ಬಂದ್ ಮಾಡಿದ್ರು?"

"ನಾನ. ಸಂಜಿಕ ನೀ ಬರೂ ಹೊತ್ತಿಗೆ ಮತ್ತ ಹಾಕ್ತೀನಿ."

"ಯಾಕ?"

ಹಸೀನಾ ಸಕ್ಕರೆ ಹಾಕಿದಳು. "ಚಾಲೂ ಇದ್ರ ನೀ ಬರೂದಿಲ್ಲ."

ಬಾಷಾಸಾಬನಿಗೆ ಕಡಿದ ಟೊಂಗೆ ನೆನಪಾಯಿತು. "ಫೋನ್ ಮಾಡಿದ್ರ ಬರ್ತಿದ್ನೆಲ್ಲ."

"ಮಾಡಿದ್ನಿ. ರೇಡಿಯೊ ಬಿಚ್ಚೀನಿ ಅಂದಿ."

ಅದು ಖರೇ ಇತ್ತು. ಅವನು ಸ್ವಿಚ್ಚು ಹಾಕಿ, ಚಾಪೆಯ ಮೇಲೆ ಕೂತು ಚಹಾ ಕುಡಿದ. ಆಮೇಲೆ ಬಿಚ್ಚಿದ ರೇಡಿಯೊಗಳಲ್ಲಿ ಒಂದನ್ನು ತಂದು ಅವಳ ಪಡಸಾಲೆಯಲ್ಲೇ ಇಟ್ಟುಕೊಂಡ. ವಾರಕ್ಕೆ ಎರಡು ಮಧ್ಯಾಹ್ನ ಅಲ್ಲೇ ಕೆಲಸ. ಹಸೀನಾ ಎದುರಿಗೆ ಕೂತು ಕೌದಿ ಹೊಲಿಯುತ್ತ, ಬೇರೆ ಊರಲ್ಲಿದ್ದ ಸೊಸೆಯಂದಿರ ಸುದ್ದಿಯನ್ನೆಲ್ಲ ಹೇಳುತ್ತಿದ್ದಳು. ಅವನು ಅರ್ಧ ಕೇಳುತ್ತಿದ್ದ.

ಶ್ರಾವಣದಲ್ಲಿ ಮತ್ತೆ ಲೈನು ಹೋಯಿತು. ಬಾಷಾಸಾಬ ಫೋನ್ ಮಾಡಿದ.

"ನಾ ಮುಟ್ಟಿಲ್ಲ," ಅಂದಳು ಹಸೀನಾ. "ಮಂಗ್ಯಾಗೋಳು ಕೊಳವಿ ಮ್ಯಾಲ ಕುಂತಾವ."

ಐವತ್ತೆಂಟು ವರ್ಷದ ಹಸೀನಾ ಕೋಲು ಹಿಡಿದು ಮಾಳಿಗೆ ಹತ್ತಿದಳು. ಮಂಗಗಳು ಹೋದ ಮೇಲೆ, ಕಿವಿಗೆ ಮೊಬೈಲ್ ಒತ್ತಿಕೊಂಡು, ತಮ್ಮ ಹೇಳಿದಂತೆ ಕೊಳವೆ ತಿರುಗಿಸಿದಳು.

"ಸ್ವಲ್ಪ ಎಡಕ್ಕ."

"ಯಾರ ಎಡಕ್ಕ?"

"ನಿನ್ನ ಎಡಕ್ಕ."

ಲೈನು ಬಂತು. ಆದರೂ ಅವಳು ಫೋನ್ ಇಡಲಿಲ್ಲ. ಮಾಳಿಗೆಯ ಮೇಲೆ ಗಾಳಿ ಚಲೋ ಐತಿ ಎಂದು ಹೇಳುತ್ತಿದ್ದಳು.