ಹುಣಸಿಮರದ ಸಾಲಿಯ ಲಂಡನ್ ಹಬ್ಬ

ಪ್ರಭಾವತಿ ಟೀಚರ್ ತಮ್ಮ ಗಂಡನ ಶಾಲೆಯನ್ನು ತಾವೇ ಮುಚ್ಚಿಸಿದರು ಎಂದು ಹುಬ್ಬಳ್ಳಿಯ ಗೋಪನಕೊಪ್ಪದಲ್ಲಿ ಆಡಿಕೊಳ್ಳುವವರಿದ್ದಾರೆ. ಆಡಿಕೊಳ್ಳುವವರಿಗೆ ಹೊತ್ತು ಬೇಕಾದಷ್ಟಿದೆ. ನಾನು ಸುಹಾಸಿನಿ, ಪ್ರಭಾವತಿಯವರ ಶಾಲೆಯಲ್ಲಿಯೇ ಕನ್ನಡ ಕಲಿಸುವವಳು, ಅವರ ಎದುರಿನ ಕುರ್ಚಿಯಲ್ಲಿ ವರ್ಷಗಟ್ಟಲೆ ಕೂತವಳು. ದಿನಾ ಧಾರವಾಡದ ಕೆಲಗೇರಿಯಿಂದ ಬಸ್ಸು ಬದಲಿಸಿ ಹುಬ್ಬಳ್ಳಿಗೆ ಬರುತ್ತೇನೆ, ಹಾಗಾಗಿ ಸಿಟ್ಟು ನನಗೆ ಮುಂಜಾನೆಯೇ ಬಂದಿರುತ್ತದೆ. ಆ ಸಿಟ್ಟಿನಲ್ಲಿಯೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಸರಕಾರಿ ಕನ್ನಡ ಶಾಲೆ. ಅಂಗಳದಲ್ಲಿ ಹುಣಸೆಮರ ಇರುವುದರಿಂದ ಜನ ಹುಣಸಿಮರದ ಸಾಲಿ ಎನ್ನುತ್ತಾರೆ. ಮರ ಶಾಲೆಗಿಂತ ಗಟ್ಟಿಯಾಗಿದೆ. ಪ್ರಭಾವತಿಯವರು ಇಲ್ಲಿ ವಿಜ್ಞಾನದ ಟೀಚರ್. ಅವರ ಗಂಡ ರಾಜರತ್ನ ಸರ್ ದೊಡ್ಡ ರಸ್ತೆಯ ಆಚೆ ಇರುವ ಹೊಸ ಓಣಿಯ ಸಾಲಿಯಲ್ಲಿ ಡ್ರಿಲ್ ಮಾಸ್ತರು. ಮುಂಜಾನೆ ಒಂದೇ ಸ್ಕೂಟರಿನಲ್ಲಿ ಬರುತ್ತಿದ್ದರು. ರಸ್ತೆಯ ಈಚೆ ಇವರು ಇಳಿದರೆ, ಅವರು ಆಚೆ ಹೋಗುತ್ತಿದ್ದರು. ಇಬ್ಬರೂ ಮಾತು ಕಡಿಮೆ ಆಡುವವರು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಇವರಲ್ಲಿ ಊಟ, ಮಲಗುವುದು ಎರಡೂ ಇದ್ದವು, ಜಗಳ ಒಂದೇ ಇರಲಿಲ್ಲ.

ಈ ವರ್ಷ ಬೇಸಿಗೆಯಲ್ಲಿ ಮೇಲಿನಿಂದ ಆದೇಶ ಬಂತು. ಎರಡೂ ಶಾಲೆಗಳಲ್ಲಿ ಮಕ್ಕಳು ಕಡಿಮೆ, ಎರಡನ್ನೂ ನಡೆಸುವುದು ಸಾಧ್ಯವಿಲ್ಲ. ಜೂನ್ ಮುಗಿಯುವಷ್ಟರಲ್ಲಿ ಒಂದನೇ ತರಗತಿಗೆ ಯಾವ ಶಾಲೆಗೆ ಹೆಚ್ಚು ಮಕ್ಕಳು ಬರುತ್ತಾರೋ ಅದು ಉಳಿಯುತ್ತದೆ. ಇನ್ನೊಂದರ ಮಕ್ಕಳು ಉಳಿದ ಶಾಲೆಗೆ ಬರಬೇಕು, ಅಲ್ಲಿಯ ಮಾಸ್ತರುಗಳು 'ಹೆಚ್ಚುವರಿ' ಎನಿಸಿಕೊಂಡು ಎಲ್ಲಿ ಜಾಗ ಖಾಲಿ ಇದೆಯೋ ಅಲ್ಲಿಗೆ ಹೋಗಬೇಕು. ಮೂವತ್ತು ವರ್ಷ ಹುಡುಗರನ್ನು ಬಿಸಿಲಲ್ಲಿ ಓಡಿಸಿದ ಮನುಷ್ಯನಿಗೆ ಹೆಚ್ಚುವರಿ ಎಂಬ ಹೆಸರಿಡುವುದಕ್ಕೆ ಎಂಥಾ ತಲೆ ಬೇಕು ಎಂದು ನಾನು ಸ್ಟಾಫ್ ರೂಮಿನಲ್ಲಿ ಜೋರಾಗಿಯೇ ಕೇಳಿದೆ. ಪ್ರಭಾವತಿಯವರು ಹಾಜರಿ ಹಾಕುತ್ತಿದ್ದರು. "ಗಂಡಾ ಹೆಂಡತಿಗೆ ಪಂದ್ಯಾ ಹಚ್ಯಾರ ನೋಡ್ರಿ," ಎಂದರು, ಯಾರದೋ ಮನೆಯ ಸುದ್ದಿ ಹೇಳುವಂತೆ.

ಮೇ ತಿಂಗಳ ಬಿಸಿಲಲ್ಲಿ ಎಲ್ಲರೂ ಮನೆ ಮನೆಗೆ ಹೊರಟೆವು. ಒಂದು ದಿನ ಆಟೋ ಓಡಿಸುವ ಬಡೇಸಾಬನ ಮನೆಗೆ ನಾನೂ ಪ್ರಭಾವತಿಯವರೂ ಹೋದೆವು. ಒಳಗೆ ರಾಜರತ್ನ ಸರ್ ಮೊದಲೇ ಕೂತಿದ್ದರು. ಬಡೇಸಾಬನ ಮಗ ಅರಫಾತನಿಗೆ ಆರು ವರ್ಷ, ಮೂವರೂ ಅವನಿಗಾಗಿಯೇ ಬಂದಿದ್ದೆವು. ರಾಜರತ್ನ ಸರ್ ತಮ್ಮ ಶಾಲೆಯ ಆಟದ ಮೈದಾನದ ಬಗ್ಗೆ ಹೇಳಿದರು, ಪ್ರಭಾವತಿಯವರು ಪ್ರಯೋಗಶಾಲೆಯ ಬಗ್ಗೆ ಹೇಳಿದರು. ಗಂಡ ಹೇಳುವಾಗ ಹೆಂಡತಿ ತಲೆಯಾಡಿಸಿದರು, ಹೆಂಡತಿ ಹೇಳುವಾಗ ಗಂಡ. ಬಡೇಸಾಬ ಎಲ್ಲರಿಗೂ ಚಹಾ ಕೊಟ್ಟು, "ಇಬ್ಬರೂ ಛಲೋ ಹೇಳೀರಿ. ಆದ್ರ ಅವನ್ನ ಇಂಗ್ಲೀಷ್ ಸಾಲಿಗೆ ಹಾಕಬೇಕಂತ ಮಾಡೇವ್ರಿ," ಎಂದ.

ಹೊರಗೆ ಬಂದ ಮೇಲೆ ಪ್ರಭಾವತಿಯವರು ನನಗೆ ಹೇಳಿದರು: "ಮನಿ ಮನಿಗೆ ಹೋಗಿ ಕರದ್ರ ಯಾರೂ ಬರೂದಿಲ್ರಿ. ಹಬ್ಬಾ ಮಾಡಬೇಕು. ಲಂಡನ್‌ದಾಗ ಮಾಡಿದ್ರಲ್ಲ, ಹಂಗ."

ಲಂಡನ್ ಇದರಲ್ಲಿ ಹೇಗೆ ಬಂತು ಎಂದು ನಾನು ಕೇಳಲಿಲ್ಲ, ಕೇಳಿದ್ದರೂ ಹೇಳುತ್ತಿದ್ದರು, ಕೇಳದಿದ್ದರೂ ಹೇಳಿದರು. ಅವರ ಅಪ್ಪ ರಾಮಪ್ಪ ಧಾರವಾಡದ ಒಂದು ಕಾಲೇಜಿನಲ್ಲಿ ಜವಾನರಾಗಿದ್ದರು. ರದ್ದಿಗೆ ಹಾಕಿದ ಹಳೆಯ ಇಂಗ್ಲಿಷ್ ಪತ್ರಿಕೆಗಳನ್ನು ತಂದು ಮನೆಯ ಮಣ್ಣಿನ ಗೋಡೆಗೆ ಅಂಟಿಸುತ್ತಿದ್ದರು, ಮಣ್ಣು ಉದುರದಿರಲಿ ಎಂದು. ಪ್ರಭಾವತಿ ಮಲಗುವ ಜಾಗದ ಗೋಡೆಯಲ್ಲಿ ಒಂದು ಚಿತ್ರ. ಎರಡೂ ಕಡೆ ಚೂಪಾದ, ಉದ್ದನೆಯ ಬೆಳ್ಳಿಯ ಕದಿರಿನಂಥದ್ದು ಗಾಳಿಯಲ್ಲಿ ನೆಟ್ಟಗೆ ನಿಂತಿದೆ, ಕೆಳಗೆ ಕೋಟು ಹಾಕಿದ ಜನ ಬಾಯಿ ತೆರೆದು ಮೇಲೆ ನೋಡುತ್ತಿದ್ದಾರೆ. ಅಪ್ಪಾ ಇದೇನು ಎಂದರೆ, "ನೀ ಓದೂದು ಕಲತ ಮ್ಯಾಲೆ ನನಗ ಹೇಳು," ಎನ್ನುತ್ತಿದ್ದರಂತೆ.

ಹೈಸ್ಕೂಲಿಗೆ ಬಂದ ಮೇಲೆ ಮಗಳು ಓದಿ ಹೇಳಿದಳು. ಅದರ ಹೆಸರು ಸ್ಕೈಲಾನ್. ದೊಡ್ಡ ಯುದ್ಧ ಮುಗಿದು ಆರು ವರ್ಷವಾದರೂ ಬ್ರಿಟನ್ನಿನಲ್ಲಿ ಸಕ್ಕರೆಗೆ ರೇಷನ್ ಇತ್ತು, ಬಾಂಬು ಬಿದ್ದ ಮನೆಗಳು ಬಿದ್ದಂತೆಯೇ ಇದ್ದವು. ಆಗ, 1951ರಲ್ಲಿ, ಅವರು ದೇಶಕ್ಕೆಲ್ಲ ಒಂದು ಹಬ್ಬ ಮಾಡಿದರು. ಥೇಮ್ಸ್ ನದಿಯ ದಂಡೆಯ ಹಾಳು ಜಾಗವನ್ನು ಬಳಿದು ಚೊಕ್ಕ ಮಾಡಿ, ದೊಡ್ಡ ಗುಮ್ಮಟ ಕಟ್ಟಿ, ವಿಜ್ಞಾನ, ಚಿತ್ರ, ಹೊಸ ನಮೂನೆಯ ಕುರ್ಚಿ, ಮನೆ ಎಲ್ಲ ಇಟ್ಟು ಜನರನ್ನು ಕರೆದರು. ರಾಮಪ್ಪ ಎಲ್ಲ ಕೇಳಿ, "ಯಾವ ದೇವರ ಹಬ್ಬವಾ ಅದು?" ಎಂದರು.

"ಯಾವ ದೇವರದೂ ಅಲ್ಲಪ್ಪಾ. ವಿಜ್ಞಾನದ್ದು. ಕುರ್ಚಿ-ಮೇಜಿಂದು."

ರಾಮಪ್ಪ ಗೋಡೆಯ ಚಿತ್ರದ ಮೇಲೆ ಕೈಯಾಡಿಸಿ, "ಹಂಗಂದ್ರ ನಮ್ಮನ್ನೂ ಒಳಗ ಬಿಡತಿದ್ರು," ಎಂದರಂತೆ.

ಇದನ್ನು ಹೇಳುವಾಗಲೂ ಪ್ರಭಾವತಿಯವರ ದನಿ ಏರಲಿಲ್ಲ, ಇಳಿಯಲಿಲ್ಲ. ನಾನು ಮಾತ್ರ ಮುಂದಿನ ಎರಡು ಮನೆಗಳನ್ನು ಬಾಗಿಲು ತಟ್ಟುವುದನ್ನೇ ಮರೆತು ದಾಟಿದೆ.

ನಮ್ಮ ಹೆಡ್ ಮಾಸ್ತರು ಸಿದ್ದಲಿಂಗಪ್ಪನವರು ಮೊದಲು ಒಪ್ಪಲಿಲ್ಲ. "ಹೊಟ್ಟಿಗೆ ಹಿಟ್ಟಿಲ್ಲ ಅಂದ್ರೂ ಜುಟ್ಟಿಗೆ ಮಲ್ಲಿಗಿ ಹೂ ಅಂತ. ಮ್ಯಾಲೆ ಹಂಚು ಸೋರಾಕತ್ತಾವು, ಇವರಿಗೆ ಹಬ್ಬಾ. ಅದೂ ನಮ್ಮನ್ನ ಆಳಿದವರದು!"

"ಅವರು ಆಳಿದ್ದನ್ನ ನಾವು ಸಾಕಷ್ಟು ಕಲತೇವ್ರಿ ಸರ್. ಗೆದ್ದೂ ಸೋತು ಸುಣ್ಣಾದಾಗ ಏನ್ ಮಾಡಿದ್ರು ಅನ್ನೂದನ್ನ ಕಲಿಯೂನು," ಎಂದರು ಪ್ರಭಾವತಿ. ಅದಕ್ಕೂ ಅವರು ಕರಗಲಿಲ್ಲ. ಕೊನೆಗೆ ನಾನು ಬಾಯಿ ಹಾಕಿ, ಆ ಹಬ್ಬಕ್ಕೆ ಈಗ ಎಪ್ಪತ್ತೈದು ವರ್ಷ, ಅಂದರೆ ಅಮೃತ ಮಹೋತ್ಸವ ಎಂದೆ. ಸಿದ್ದಲಿಂಗಪ್ಪನವರ ಮುಖ ಬೆಳಗಿತು. ನಮ್ಮ ಕಡೆ ಎಪ್ಪತ್ತೈದು ತುಂಬಿದ ಯಾವುದನ್ನೂ ಸುಮ್ಮನೆ ಬಿಡುವ ರೂಢಿ ಇಲ್ಲ. "ಹಂಗಿದ್ರ ವೇದಿಕಿ ಕಾರ್ಯಕ್ರಮ ಆಗಲೇಬೇಕ್ರಿ. ಸತ್ಕಾರ ಯಾರಿಗೆ?"

ಹಬ್ಬಕ್ಕೆ ಶಾಲು ಹೊದಿಸಲು ಬರುವುದಿಲ್ಲ, ಶಾಲಿಗೆ ಎಪ್ಪತ್ತೈದು ತುಂಬಿದ ಒಂದು ಹೆಗಲು ಬೇಕು. ಶಾಲೆಯ ಎದುರು ಮನೆಯ ಶೇವಂತೆವ್ವನನ್ನು ಕೇಳಿದೆವು. ಹುಟ್ಟಿದ ವರ್ಷ ಆಕೆಗೆ ಗೊತ್ತಿಲ್ಲ, ಅವ್ವನ ಮೂರನೇ ಬಾಣಂತನ ಎಂದಷ್ಟೇ ಗೊತ್ತು. ಸಿದ್ದಲಿಂಗಪ್ಪನವರು ಆಕೆಯನ್ನು ಎರಡೂ ಬದಿಯಿಂದ ನೋಡಿ 1951 ಎಂದು ನಿರ್ಧರಿಸಿದರು.

ಜೂನ್ ಎರಡನೇ ಶನಿವಾರ ಹಬ್ಬ ಎಂದಾಯಿತು. ಮಕ್ಕಳು ಒಂದು ಕೋಣೆಗೆ 'ನೆಲ' ಎಂದು ಹೆಸರಿಟ್ಟರು, ಅಲ್ಲಿ ಸುಳ್ಳ ಎಂಬ ಹಳ್ಳಿಯ ಎರೆಮಣ್ಣು, ಧಾರವಾಡದ ಕೆಂಪುಮಣ್ಣು ಗಾಜಿನ ಬಾಟಲಿಗಳಲ್ಲಿ ನಿಂತವು. ಇನ್ನೊಂದು ಕೋಣೆಯಲ್ಲಿ ಜೋಳದ ರೊಟ್ಟಿ ಯಾಕೆ ಉಬ್ಬುತ್ತದೆ ಎಂಬುದನ್ನು ಒಲೆ ಹೊತ್ತಿಸಿಯೇ ತೋರಿಸುವ ಏರ್ಪಾಡು. ಹಳೆಯ ಕೊಡೆಗಳ ಕಡ್ಡಿ ಬಿಚ್ಚಿ ಒಂದು ಗುಮ್ಮಟ. ಎಲ್ಲ ಸರಿಹೋಯಿತು. ಸ್ಕೈಲಾನ್ ಒಂದೇ ನಿಲ್ಲಲಿಲ್ಲ.

ಅದು ಬಿದಿರಿನ ಗಳ, ಬೆಳ್ಳಿ ಕಾಗದ ಸುತ್ತಿ ಎರಡೂ ತುದಿ ಚೂಪು ಮಾಡಿದ್ದರು. ಅದು ನೆಲ ಮುಟ್ಟದೆ, ಸುತ್ತಲಿನ ಹಗ್ಗಗಳ ಬಿಗಿತದ ಮೇಲೆಯೇ ನಿಲ್ಲಬೇಕು. ಲಂಡನ್ನಿನ ಜನ ಅಂದು ನಕ್ಕಿದ್ದರಂತೆ, ತಮ್ಮ ದೇಶದ ಹಾಗೆಯೇ ಇದಕ್ಕೂ ಕಣ್ಣಿಗೆ ಕಾಣುವ ಆಧಾರವಿಲ್ಲ ಎಂದು. ನಮ್ಮ ಶಾಲೆಗೂ ಇರಲಿಲ್ಲ. ಗಳ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಒಮ್ಮೆ ಸಿದ್ದಲಿಂಗಪ್ಪನವರ ಕಡೆಗೇ ಬಿತ್ತು. ಶುಕ್ರವಾರ ಸಂಜೆ ಅವರು ಅಪ್ಪಣೆ ಕೊಟ್ಟರು: "ತಗದು ಒಗೀರಿ ಅದನ್ನ. ಯಾರದರೆ ಹುಡುಗರ ತಲಿ ಮ್ಯಾಲೆ ಬಿದ್ರ ನನ್ನ ಪೆನ್ಶನ್ ಹೋಗ್ತದ."

ಆಗ ಗೇಟಿನಲ್ಲಿ ರಾಜರತ್ನ ಸರ್ ಬಂದರು, ಹೆಂಡತಿಯನ್ನು ಕರೆದುಕೊಂಡು ಹೋಗಲು. ಗಳವನ್ನು ನೋಡಿದರು, ಹಗ್ಗ ನೋಡಿದರು, ಸ್ಕೂಟರ್ ತಿರುಗಿಸಿಕೊಂಡು ಹೋದರು. ಮತ್ತೆ ಬಂದಾಗ ಹಿಂದೆ ಬಡೇಸಾಬನ ಆಟೋ, ಆಟೋದಲ್ಲಿ ಹೊಸ ಓಣಿಯ ಸಾಲಿಯ ವಾಲಿಬಾಲ್ ಕಂಬಗಳು. ಕಂಬಗಳನ್ನು ಹೊರಗೆ ವಾಲಿಸಿ ಹುಗಿದು, ನೆಟ್ ಬಿಗಿಯುವ ಹಾಗೆ ಹಗ್ಗ ಎಳೆದು ಎಳೆದು ಕಟ್ಟತೊಡಗಿದರು. ನಾನು ಹಗ್ಗದ ಒಂದು ತುದಿ ಹಿಡಿದಿದ್ದೆ. ನಮ್ಮಲ್ಲಿ ಮಕ್ಕಳು ಹೆಚ್ಚಾದರೆ ಈ ಮನುಷ್ಯ ಎಲ್ಲಿಗೆ ಹೋಗುತ್ತಾನೆ ಎಂಬುದು ಆ ಗಂಡಹೆಂಡಿರಿಗೂ ನನಗೂ ಗೊತ್ತಿತ್ತು.

"ಬ್ಯಾಡ ಬಿಡ್ರಿ," ಎಂದರು ಪ್ರಭಾವತಿ, ಗಂಡನಿಗೆ. "ಅದಿಲ್ಲದನೂ ಹಬ್ಬಾ ಆಗ್ತದ."

"ಮಾಡಿದ್ರ ನೆಟ್ಟಗ ಮಾಡಬೇಕು," ಎಂದು ಅವರು ಗಂಟು ಬಿಗಿದರು. "ಕೈ ಬಿಡ್ರಿ ಈಗ."

ಕೈ ಬಿಟ್ಟೆವು. ಗಳ ಒಮ್ಮೆ ನಡುಗಿ, ನೆಲದಿಂದ ಮೊಳದಷ್ಟು ಮೇಲೆ, ನೆಟ್ಟಗೆ ನಿಂತಿತು. ನನಗೆ ಇಬ್ಬರ ಮೇಲೂ ಸಿಟ್ಟು ಬಂತು. ಒಬ್ಬರಾದರೂ ಸ್ವಲ್ಪ ಕೆಟ್ಟವರಾಗಿದ್ದರೆ ಈ ಭೂಮಿ ಮೇಲೆ ಏನು ಕಡಿಮೆಯಾಗುತ್ತಿತ್ತು?

ಮರುದಿನ ವೇದಿಕೆ ಕಾರ್ಯಕ್ರಮ ಶುರುವಾಯಿತು. ಪ್ರಾರ್ಥನೆ, ಸ್ವಾಗತ, ದೀಪ, ಪ್ರಾಸ್ತಾವಿಕ, ಹಾರ, ಮುಖ್ಯ ಅತಿಥಿಗಳ ಭಾಷಣ, ಅತಿಥಿಗಳು ಕರೆತಂದ ಅತಿಥಿಗಳ ಭಾಷಣ. ಎಲ್ಲ ಮುಗಿದ ಮೇಲೆಯೇ ಕೋಣೆಗಳ ಬಾಗಿಲು ತೆರೆಯಬೇಕು ಎಂದು ಸಿದ್ದಲಿಂಗಪ್ಪನವರು ಬೀಗದ ಕೈಗಳನ್ನು ತಮ್ಮ ಕಿಸೆಯಲ್ಲಿಟ್ಟುಕೊಂಡಿದ್ದರು, ಇಲ್ಲದಿದ್ದರೆ ಭಾಷಣಕ್ಕೆ ಜನ ಕೂರುವುದಿಲ್ಲ ಎಂದು. ಅದು ಅವರ ಇಡೀ ಸೇವೆಯ ಅನುಭವ. ರೊಟ್ಟಿಯ ಒಲೆ ಬೀಗದೊಳಗೇ ಆರಿತು. ಸ್ಕೈಲಾನಿಗೆ ಮಾತ್ರ ಬೀಗ ಹಾಕಲು ಬರುತ್ತಿರಲಿಲ್ಲ, ಅದು ಅಂಗಳದಲ್ಲಿತ್ತು. ಮೊದಲು ಹುಡುಗರು ಜಾರಿದರು, ಹುಡುಗರನ್ನು ಹುಡುಕುತ್ತ ತಾಯಂದಿರು ಬಂದರು, ತಾಯಂದಿರನ್ನು ಹುಡುಕುತ್ತ ಗಂಡಸರು. ಗಳದ ಕೆಳಗೆ ಕೈ ತೂರಿಸಿ ನೋಡಿದರು, ಚಪ್ಪಲಿ ತೂರಿಸಿದರು. ಶೇವಂತೆವ್ವ ಶಾಲು ಹೊದ್ದುಕೊಂಡೇ ವೇದಿಕೆ ಇಳಿದು ಬಂದು, ಬಗ್ಗಿ ನೋಡಿ, "ಎಲ್ಲಾ ಕಡಿಂದ ಎಳದ್ರ ಬೀಳೂದಿಲ್ಲೇನವಾ?" ಎಂದು ಕೇಳಿದಳು. ಪ್ರಭಾವತಿಯವರು ಆಕೆಗೆ ಅಲ್ಲಿಯೇ ನಿಂತು ವಿವರಿಸಿದರು. ಆಕೆಗೆ ಹೇಳಿದ್ದನ್ನು ಉಳಿದವರೂ ಕೇಳಿದರು, ಅರಫಾತ ಹಗ್ಗವೊಂದನ್ನು ಮೀಟಿ ಕಿವಿ ಹಚ್ಚಿ ನಿಂತವನು ಅಪ್ಪ ಕರೆದರೂ ಬರಲಿಲ್ಲ. ವೇದಿಕೆಯ ಮೇಲೆ ವಂದನಾರ್ಪಣೆ ನಡೆದಾಗ ಮುಂದೆ ಖಾಲಿ ಕುರ್ಚಿಗಳಿದ್ದವು.

ಸೋಮವಾರ ಬಡೇಸಾಬ ಮಗನ ಕೈ ಹಿಡಿದು ಬಂದ. ಅವನ ಹಿಂದೆ ಇನ್ನೂ ಕೆಲವರು ಬಂದರು. ಸ್ಕೈಲಾನನ್ನು ಲಂಡನ್ನಿನವರು ಮರುವರ್ಷವೇ ಬಿಚ್ಚಿ ಗುಜರಿಗೆ ಹಾಕಿದರಂತೆ. ನಮ್ಮದನ್ನು ಶೇವಂತೆವ್ವ ಬಟ್ಟೆ ಒಣಹಾಕಲು ಒಯ್ದಳು. ಜೂನ್ ಮುಗಿದಾಗ ನಮ್ಮಲ್ಲಿ ಹೊಸ ಓಣಿಯ ಸಾಲಿಗಿಂತ ನಾಲ್ಕು ಮಕ್ಕಳು ಹೆಚ್ಚಿದ್ದರು. ಸಿದ್ದಲಿಂಗಪ್ಪನವರು ಪೇಢೆ ಹಂಚಿದರು. ಪ್ರಭಾವತಿಯವರು ತಮ್ಮ ಪಾಲಿನದನ್ನು ಕಾಗದದಲ್ಲಿ ಸುತ್ತಿ ಪರ್ಸಿನಲ್ಲಿಟ್ಟುಕೊಂಡರು, ಮನೆಗೆ ಒಯ್ದು ಯಾರಿಗೆ ಕೊಟ್ಟರು ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ರಾಜರತ್ನ ಸರ್‌ಗೆ ಕಲಘಟಗಿಯ ಆಚೆ, ಕಾಡಿನ ಅಂಚಿನ ಒಂದು ಹಳ್ಳಿ ಸಿಕ್ಕಿತು. ದಿನಾ ಹೋಗಿ ಬರುವ ದಾರಿಯಲ್ಲ, ಅಲ್ಲಿಯೇ ಕೋಣೆ ಹಿಡಿಯಬೇಕು.

ಜುಲೈ ಮೊದಲ ವಾರ ಮುಂಜಾನೆ ಅವರು ತಮ್ಮ ಶಾಲೆಯ ಮಕ್ಕಳನ್ನು ಎರಡು ಸಾಲಿನಲ್ಲಿ ನಡೆಸಿಕೊಂಡು, ಸೀಟಿ ಊದಿ ದೊಡ್ಡ ರಸ್ತೆಯ ಲಾರಿಗಳನ್ನು ನಿಲ್ಲಿಸಿ, ನಮ್ಮ ಅಂಗಳಕ್ಕೆ ತಂದರು. ಹೆಗಲಲ್ಲಿ ಊರಿಗೆ ಹೊರಟ ಚೀಲವಿತ್ತು. "ಸಾವಧಾನ್!" ಎಂದರು. ಮಕ್ಕಳು ನೆಟ್ಟಗೆ ನಿಂತರು. ಆಮೇಲೆ ಹೆಂಡತಿಯ ಹತ್ತಿರ ಬಂದು, "ಟೀಚರ್ರ, ಆ ಕಡೀಕಿ ಹುಡುಗಿಗೆ ಉಬ್ಬಸ ಐತಿ. ಓಡಬ್ಯಾಡ ಅನಬ್ಯಾಡ್ರಿ, ಸಾವಕಾಶ ಓಡಂತ ಹೇಳ್ರಿ," ಎಂದರು. ಪ್ರಭಾವತಿ ಹೂಂ ಎಂದರು. ಸರ್ ತಿರುಗಿ ನೋಡದೆ ಬಸ್‌ಸ್ಟ್ಯಾಂಡಿನ ಕಡೆಗೆ ಹೊರಟರು.

"ಒಳಗ ಬರ್ರಿ," ಎಂದು ಪ್ರಭಾವತಿ ಮಕ್ಕಳನ್ನು ಕರೆದರು. ಯಾರೂ ಅಲುಗಲಿಲ್ಲ. ಮತ್ತೊಮ್ಮೆ ಕರೆದರು. ಚಿಕ್ಕವರು ಕೂಡ ಕೈಗಳನ್ನು ತೊಡೆಗೆ ಒತ್ತಿಕೊಂಡು, ಎದುರಿನ ಗೋಡೆ ನೋಡುತ್ತ ನಿಂತೇ ಇದ್ದರು. ಉಬ್ಬಸದ ಹುಡುಗಿ ತುಟಿ ಅಲುಗಿಸದೆ ಹೇಳಿದಳು: "ಸರ್ ಇನ್ನಾ ವಿಶ್ರಾಮ್ ಅಂದಿಲ್ರಿ."

ಪ್ರಭಾವತಿ ಟೀಚರ್ ಓಡಿದ್ದನ್ನು ನಾನು ನೋಡಿದ್ದು ಅಂದೊಂದೇ ದಿನ. ಸೀರೆಯ ನೆರಿಗೆ ಎತ್ತಿ ಹಿಡಿದು ಗೇಟು ದಾಟಿ, ರಸ್ತೆಯ ನಡುವೆ ನಿಂತು, ಓಣಿಗೆಲ್ಲ ಕೇಳುವಂತೆ ಕೂಗಿದರು: "ಹೋಗಬ್ಯಾಡ್ರಿ! ನಿಮ್ಮ ಹುಡುಗ್ರು ನನ್ನ ಮಾತು ಕೇಳಾಕತ್ತಿಲ್ಲ!"

ರಾಜರತ್ನ ಸರ್ ಮರಳಿ ಬಂದರು. ಮಕ್ಕಳ ಎದುರು ನಿಂತು ಸಾಲನ್ನು ಕೊನೆಯಿಂದ ಕೊನೆಯವರೆಗೆ ನೋಡಿದರು. ಹೆಗಲಿನ ಚೀಲ ಇಳಿಸಿ ನೆಲಕ್ಕಿಟ್ಟು, ಒಬ್ಬ ಹುಡುಗನ ಅಂಗಿಯ ಗುಂಡಿ ಹಾಕಿದರು. ಹೆಂಡತಿ ಪಕ್ಕದಲ್ಲಿಯೇ ನಿಂತು ಏದುಸಿರು ಬಿಡುತ್ತಿದ್ದರು, ಮುಖವೆಲ್ಲ ಒದ್ದೆಯಾಗಿತ್ತು. ನಮ್ಮ ಒಂದನೇ ತರಗತಿಯ ಮಕ್ಕಳು ಕಿಟಕಿಯಿಂದ ಇಣುಕುತ್ತಿದ್ದರು. ಕಲಘಟಗಿ ಬಸ್ಸು ಹಾರ್ನ್ ಹೊಡೆದು ಗೇಟಿನ ಮುಂದಿನಿಂದಲೇ ಹೋಯಿತು. ಅವರು ಇನ್ನೂ ವಿಶ್ರಾಮ್ ಎಂದಿರಲಿಲ್ಲ.