ತಬಸ್ಸುಮಳ ಕಾವಿನ ಪೆಟ್ಟಿಗೆಗಳು

ಇಬ್ರಾಹಿಂಪುರದ ರೈಲು ಹಳಿಯ ಹತ್ತಿರ ನನ್ನ ಝೆರಾಕ್ಸ್ ಅಂಗಡಿಗೂ ತಬಸ್ಸುಮಳ ರಿಪೇರಿ ಅಂಗಡಿಗೂ ನಡುವೆ ಇರುವುದು ಒಂದೇ ಗೋಡೆ. ಅದೂ ತೆಳುವು. ನಾನು ಗಿರಾಕಿಗಳ ಮೇಲೆ ಸಿಡುಕುವುದೆಲ್ಲ ಅವಳಿಗೆ ಕೇಳಿಸುತ್ತದೆ. ಅವಳ ಕಡೆಯಿಂದ ನನಗೆ ಕೇಳಿಸುವುದು ಕಡಿಮೆ, ಯಾಕೆಂದರೆ ಅವಳು ಸಿಡುಕುವವಳಲ್ಲ. ಅಂಗಡಿಯ ಬೋರ್ಡಿನ ಮೇಲೆ ಇವತ್ತಿಗೂ ಅವಳ ಅಪ್ಪನ ಹೆಸರೇ ಇದೆ: ಅಲ್ಲಾಉದ್ದೀನ ರೇಡಿಯೋ ರಿಪೇರಿ. ಈಗ ರೇಡಿಯೋ ತರುವವರು ಯಾರು? ಮಿಕ್ಸರು, ಇನ್ವರ್ಟರು, ಸುಟ್ಟ ಚಾರ್ಜರು ಬರುತ್ತವೆ. ಬೆಸುಗೆ ಹಾಕುವಾಗ ರೈಲು ಬಂದರೆ ಟೇಬಲ್ಲು ನಡುಗುತ್ತದೆ. ಕೊನೆಯ ಡಬ್ಬಿ ದಾಟುವವರೆಗೆ ಅವಳು ಬೆಸುಗೆ ಕಡ್ಡಿ ಎತ್ತಿ ಹಿಡಿದು ಸುಮ್ಮನೆ ಕೂತಿರುತ್ತಾಳೆ. ನಾನಾಗಿದ್ದರೆ ರೈಲ್ವೆಯವರ ಏಳು ತಲೆಮಾರಿಗೂ ಬೈಯುತ್ತಿದ್ದೆ.

ನಮ್ಮ ಮನೆಯವರು ಪೇಪರು ಬಿಚ್ಚಿದ ಕೂಡಲೇ ಯಾರು ತೀರಿಕೊಂಡರು ಎಂದು ನೋಡುತ್ತಾರೆ. ತಬಸ್ಸುಮ ಅಂಗಡಿ ತೆರೆದ ಕೂಡಲೇ ಚಹಾ ಹಿಡಿದುಕೊಂಡು, ಕಂಪ್ಯೂಟರು ನಡೆಸುವ ಲಿನಕ್ಸ್‌ನ ಒಂದು ಪ್ರೋಗ್ರಾಮಿನಲ್ಲಿ ಹೊಸದಾಗಿ ಯಾರು ಏನು ತಿದ್ದಿದ್ದಾರೆ ಎಂದು ನೋಡುತ್ತಾಳೆ. ಅದು ಯಾವ ಕಂಪನಿಯ ಸೊತ್ತೂ ಅಲ್ಲವಂತೆ. ಯಾರು ಬೇಕಾದರೂ ಓದಬಹುದು, ತಪ್ಪು ಕಂಡರೆ ತಿದ್ದಿ ಕಳಿಸಬಹುದು, ಅಲ್ಲಿನ ಹಿರಿಯರು ಒಪ್ಪಿದರೆ ಸೇರುತ್ತದೆ. ಕಂಪ್ಯೂಟರಿಗೆ ಕರೆಂಟು ಬಂದ ಕೂಡಲೇ ಮೊದಲು ಏಳುವುದು ಈ ಪ್ರೋಗ್ರಾಮು. ಆಮೇಲೆ ಉಳಿದವರನ್ನು ಎಬ್ಬಿಸುವುದು, ನೀನು ಮೊದಲು ನೀನು ಆಮೇಲೆ ಎನ್ನುವುದು, ಬಿದ್ದವರನ್ನು ಮತ್ತೆ ಎತ್ತಿ ನಿಲ್ಲಿಸುವುದು, ಎಲ್ಲ ಅದರದೇ ಕೆಲಸ.

"ಕಬ್ಬಿನ ಗ್ಯಾಂಗಿನ ಮುಕಾದಮ ಇರ್ತಾನಲ್ಲ ಚಂದ್ರಕ್ಕಾ, ಹಂಗ," ಎಂದು ಅವಳು ಒಮ್ಮೆ ಹೇಳಿದ್ದಳು. ಅವತ್ತಿನಿಂದ ನನ್ನ ಬಾಯಲ್ಲಿ ಅದಕ್ಕೆ ಮುಕಾದಮ ಎಂದೇ ಹೆಸರು. ಬೆಳಿಗ್ಗೆ ಗೋಡೆಯ ಈಚೆಯಿಂದಲೇ ಕೂಗುತ್ತೇನೆ: "ಏನ ಅಂತಾನ ನಿನ್ನ ಮುಕಾದಮ?"

ಈ ಮುಕಾದಮನನ್ನು ಅವಳು ಬಬಲೇಶ್ವರಕ್ಕೂ ಒಯ್ದಿದ್ದಳು. ಅಲ್ಲಿ ರಾಚವ್ವ ಎಂಬ ಹಿರಿಯ ಹೆಂಗಸು, ತನ್ನ ಓಣಿಯ ಆರು ಮಂದಿಯನ್ನು ಕೂಡಿಸಿಕೊಂಡು ಜವಾರಿ ಕೋಳಿ ಮರಿ ಮಾಡಿ ಸಂತೆಯಲ್ಲಿ ಮಾರಬೇಕು ಎಂದು ಹೊರಟಿದ್ದಳು. ತಬಸ್ಸುಮ ಟಿಕೋಟಾದ ಗುಜರಿಯಿಂದ ಏಳು ಹಳೆಯ ಫ್ರಿಜ್ಜು ತಂದು, ಒಳಗೆ ಹೀಟರು, ಫ್ಯಾನು ಕೂಡಿಸಿ, ತತ್ತಿ ಹೊರಳಿಸುವ ತಟ್ಟೆ ಮಾಡಿ, ಒಂದೊಂದಕ್ಕೂ ಅಂಗೈಯಗಲದ ಕಂಪ್ಯೂಟರು ಅಂಟಿಸಿದಳು. ತಂಪು ಮಾಡುತ್ತಿದ್ದ ಪೆಟ್ಟಿಗೆಗಳು ಕಾವು ಕೂತವು. ಓಣಿಯ ಹಾಳು ಶೆಡ್ಡಿನಲ್ಲಿ ಏಳನ್ನೂ ಸಾಲಾಗಿ ಇಟ್ಟರು.

ತೊಂದರೆ ಇದ್ದದ್ದು ಕರೆಂಟಿನದು. ಆರಿದ ಪೆಟ್ಟಿಗೆ ಮತ್ತೆ ಕಾವೇರುವಾಗ ಇಸ್ತ್ರಿ ಪೆಟ್ಟಿಗೆಯಷ್ಟು ಕರೆಂಟು ಎಳೆಯುತ್ತದೆ. ಒಂದಾದ ಮೇಲೊಂದು ಎದ್ದರೆ ಚಿಂತೆಯಿಲ್ಲ. ಕೂಡಿ ಎದ್ದರೆ ಶೆಡ್ಡಿನ ಮೇನ್ ಸ್ವಿಚ್ಚು, ಅಂದರೆ ಮೇನು, ಬಿದ್ದು ಎಲ್ಲ ಆರುತ್ತದೆ. ಆದ್ದರಿಂದ ಕರೆಂಟು ಬಂದಾಗ ಪ್ರತಿ ಪೆಟ್ಟಿಗೆಯೂ ತನಗೆ ತೋಚಿದಷ್ಟು ಹೊತ್ತು ಕಾದು ಏಳಲಿ ಎಂದು ತಬಸ್ಸುಮ ಬರೆದಿದ್ದಳು. ಮೊದಲ ಸಲದ ತತ್ತಿಗಳಿಗೆ ಅದು ಸಾಲಲಿಲ್ಲ. ಒಂದು ಸಲ ಮೂರ್ನಾಲ್ಕು ಪೆಟ್ಟಿಗೆಗಳಿಗೆ ಒಟ್ಟಿಗೇ ತೋಚಿತು, ಮೇನು ಬಿತ್ತು, ಅರ್ಧದಷ್ಟು ಮರಿ ಹೋದವು. ರಾಚವ್ವ ಜಗಳ ತೆಗೆಯುವವಳಲ್ಲ. "ಒಮ್ಮೆ ಆತು, ಇರಲಿ. ಇನ್ನೊಮ್ಮಿ ಹಿಂಗಾದ್ರ ನಿನ್ನ ಪೆಟ್ಟಿಗಿ ನೀ ಒಯ್ಯಬೇಕು ನೋಡವಾ," ಎಂದಷ್ಟೇ ಹೇಳಿದಳು. ಎರಡು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮಾಡಿದ ಕೆಲಸ ಆ ಒಂದು ಮಾತಿನ ಮೇಲೆ ನಿಂತಿತ್ತು.

ಎರಡನೆಯ ಸಲದ ತತ್ತಿ ಇಟ್ಟು ಎರಡು ವಾರ ಕಳೆದಿತ್ತು. ಒಂದು ಬೆಳಿಗ್ಗೆ ನಾನು ಕೂಗುವ ಮೊದಲೇ ತಬಸ್ಸುಮ ಎದ್ದು ನನ್ನ ಅಂಗಡಿಗೆ ಬಂದಳು. ಅಷ್ಟು ಖುಷಿಯಲ್ಲಿ ಅವಳನ್ನು ನಾನು ಅವಳ ಮದುವೆಯಲ್ಲೂ ನೋಡಿರಲಿಲ್ಲ.

"ಚಂದ್ರಕ್ಕಾ, ಮುಕಾದಮನೊಳಗ ಹೊಸ ತಿದ್ದುಪಡಿ ಬಂದೇತಿ ನೋಡು. ಇನ್ನ ಮ್ಯಾಲೆ ಯಾರಿಗೆ ಯಾವ ಪಾಳಿ ಅನ್ನೂದು ಕಾಯಂ. ಹೊಲಕ್ಕ ನೀರಿನ ಪಾಳಿ ಇರ್ತೈತಲ್ಲ, ಹಂಗ. ಮಷೀನಿಗೆ ಒಂದು ಗುರುತಿನ ನಂಬರ ಇರ್ತೈತಿ, ಅದರ ಮ್ಯಾಲಿಂದ ಅದರ ಪಾಳಿ ತಗೀತಾನ. ಮತ್ತ ಬದಲಾಗಂಗಿಲ್ಲ."

ಅವತ್ತೇ ಬಸ್ಸು ಹತ್ತಿ ಹೋಗಿ ಏಳೂ ಪೆಟ್ಟಿಗೆಗಳಿಗೆ ಹೊಸದನ್ನು ಹಾಕಿ ಬಂದಳು. ಸಂಜೆ ನನಗೆ ಪೇಡೆ ಕೊಟ್ಟಳು.

ನಾಲ್ಕೈದು ದಿನ ಬಿಟ್ಟು ರಾಚವ್ವನ ಫೋನು ಬಂತು. ನಾನೂ ಅಂಗಡಿ ಮುಚ್ಚಿ ಜೊತೆಗೆ ಹೋದೆ. ಹಿಂದಿನ ದಿನ ಬೆಳಿಗ್ಗೆ ಕರೆಂಟು ಹೋಗಿ ಬಂದಿತ್ತಂತೆ. ರಾಚವ್ವ ಶೆಡ್ಡಿಗೆ ಬಂದಾಗ ಮೇನು ಬಿದ್ದಿತ್ತು. ಅವಳು ಮೇಲೆತ್ತಿದಳು, ಏಳೂ ಪೆಟ್ಟಿಗೆಯ ದೀಪ ಹತ್ತಿದವು, ಇನ್ನೇನು ಸರಿಹೋಯಿತು ಎಂದು ಎಲ್ಲರೂ ಹೊಲಕ್ಕೆ ಹೋದರು. ಅವರು ಅತ್ತ ಹೋದ ಮೇಲೆ ಏಳೂ ಹೀಟರು ಒಂದೇ ಗಳಿಗೆಯಲ್ಲಿ ಎದ್ದು ಮೇನು ಮತ್ತೆ ಬಿತ್ತು. ಸಂಜೆ ಬಂದು ಮುಟ್ಟಿದರೆ ತತ್ತಿಗಳೆಲ್ಲ ತಣ್ಣಗೆ.

ತಬಸ್ಸುಮ ಬ್ಯಾಟರಿ ಬೆಳಕಿಗೆ ಒಂದೊಂದೇ ತತ್ತಿ ಹಿಡಿದು ನೋಡಿದಳು. ಯಾವುದರಲ್ಲೂ ಮಿಸುಕಾಟವಿಲ್ಲ. ರಾಚವ್ವ ಒಂದನ್ನು ಒಡೆದಳು. ಒಳಗೆ ಮರಿ ಪೂರ್ತಿ ಆಗಿತ್ತು.

"ಪುಕ್ಕ ಸೈತ ಬಂದಿದ್ದುವಲ್ಲ ಬೇ," ಎಂದಳು.

ತಬಸ್ಸುಮಳ ಮುಖ ಕೆಂಪಗಾಯಿತು. ಅವಳಿಗೆ ಸಿಟ್ಟು ಬಂದದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. "ಇದು ಅವರ ತಪ್ಪರಿ ಯವ್ವಾ. ಪ್ರೋಗ್ರಾಂ ತಿದ್ದಿದವರು ಕೆಡಿಸ್ಯಾರ. ನಾ ಕೇಳ್ತೀನಿ ಅವರಿಗೆ."

ರಾಚವ್ವ ಒಡೆದ ತತ್ತಿಯನ್ನು ಮಣ್ಣಿನ ಮೇಲಿಟ್ಟಳು. ಆಮೇಲೆ, "ನಿಂದ ತಪ್ಪ ಅಲ್ಲಂದ್ರ ನಿನಗ್ಯಾಕ ಶಿಕ್ಷಾ? ಅವರು ಸರಿ ಮಾಡಲಿ. ಇನ್ನೊಮ್ಮಿ ಇಟ್ಟ ನೋಡೂಣು," ಎಂದಳು. ನನಗೆ ಹೋದ ಜೀವ ಬಂದಂತಾಯಿತು.

ಏಳೂ ಪೆಟ್ಟಿಗೆಗಳ ಕಂಪ್ಯೂಟರಿನಿಂದ ಪ್ರೋಗ್ರಾಮು ತುಂಬಿದ ಚಿಕ್ಕ ಕಾರ್ಡುಗಳನ್ನು ಬಿಚ್ಚಿಕೊಂಡು ಬಂದೆವು. ಅಂಗಡಿಗೆ ಬಂದವಳೇ ತಬಸ್ಸುಮ ಆ ಪ್ರೋಗ್ರಾಮಿನವರಿಗೆ ಉದ್ದವಾಗಿ ಬರೆದಳು. ಪಾಳಿ ಕಾಯಂ ಮಾಡುತ್ತೇವೆ ಎಂದು ಹೇಳಿ ಎಲ್ಲರನ್ನೂ ಒಟ್ಟಿಗೇ ಎಬ್ಬಿಸುತ್ತಿದ್ದೀರಿ, ಪರೀಕ್ಷೆ ಮಾಡದೆ ಬಿಡುತ್ತೀರಾ, ಇಲ್ಲಿ ಜೀವಗಳು ಹೋಗಿವೆ, ಹೀಗೆ. ನನಗೆ ಕನ್ನಡದಲ್ಲಿ ಓದಿ ಹೇಳಿದಳು. ಇನ್ನೂ ಖಾರ ಹಾಕು ಎಂದೆ.

ಮರುದಿನ ಉತ್ತರ ಬಂತು. ಎಲ್ಲೋ ದೂರದ ದೇಶದವನು, ಮರ್ಯಾದೆಯಿಂದಲೇ ಬರೆದಿದ್ದ. ಮರಿಗಳ ಸುದ್ದಿ ಕೇಳಿ ಬೇಸರವಾಯಿತು, ಏಳೂ ಯಂತ್ರಗಳ ಗುರುತಿನ ನಂಬರು ಕಳಿಸುತ್ತೀರಾ ಎಂದು ಕೇಳಿದ್ದ. ಅಷ್ಟೇ.

ತಬಸ್ಸುಮ ಒಂದು ಕಾರ್ಡು ಹಾಕಿ ನಂಬರು ನೋಡಿದಳು. ಎರಡನೆಯದು ಹಾಕಿದಳು. ಮೂರನೆಯದು ಹಾಕಿ ಕೈ ಬಿಟ್ಟಳು. ನಂಬರು ಕಳಿಸಿದೆಯಾ ಎಂದು ಕೇಳಲು ನಾನು ಎದ್ದು ಹೋದೆ.

"ಎಲ್ಲಾ ಒಂದ ನಂಬರ ಅಕ್ಕಾ," ಎಂದಳು.

ಆದದ್ದು ಇಷ್ಟು. ಅವಳು ಮೊದಲು ಒಂದೇ ಒಂದು ಕಾರ್ಡನ್ನು ನೆಟ್ಟಗೆ ತಯಾರು ಮಾಡಿ, ಉಳಿದ ಆರನ್ನು ಅದರಿಂದ ನಕಲು ಇಳಿಸಿದ್ದಳು. ಒಂದು ಮನೆಯ ಹೆಪ್ಪಿನಿಂದ ಓಣಿಯವರೆಲ್ಲ ಮೊಸರು ಮಾಡುತ್ತಾರಲ್ಲ, ಹಾಗೆ. ಅದರ ಜೊತೆ ಗುರುತಿನ ನಂಬರೂ ನಕಲಾಗಿತ್ತು. ಮೊದಲೆಲ್ಲ ಪೆಟ್ಟಿಗೆಗಳು ತೋಚಿದಾಗ ಏಳುತ್ತಿದ್ದುದರಿಂದ ಅದು ಬೆಳಕಿಗೆ ಬಂದಿರಲಿಲ್ಲ. ಗುರುತು ನೋಡಿ ಪಾಳಿ ಕೊಡು ಎಂದಾಗ, ಪಾಪ ಮುಕಾದಮ ಏಳು ಜನರಿಗೂ ಒಂದೇ ಪಾಳಿ ಕೊಟ್ಟ. ಅವನ ತಪ್ಪೇನೂ ಇರಲಿಲ್ಲ.

"ಕುಣೀಲಿಕ್ಕೆ ಬಾರದಾಕಿ ನೆಲಾ ಡೊಂಕು ಅಂದ್ಲಂತ," ಎಂದು ತಬಸ್ಸುಮ ತನ್ನ ಮೇಲೆ ತಾನೇ ಗಾದೆ ಹೇಳಿಕೊಂಡಳು.

ನಾನು ಬುದ್ಧಿ ಹೇಳಿದೆ. "ಹುಚ್ಚಿ, ಸುಮ್ನಿರು. ನಂಬರ ಬದಲು ಮಾಡು, ಕಾರ್ಡ ಒಯ್ದು ಹಾಕು, ಅವರು ಸರಿ ಮಾಡಿದ್ರು ಅನ್ನು. ರಾಚವ್ವ ಇನ್ನೊಮ್ಮಿ ಇಡೂಣು ಅಂದಾಳ. ಆ ದೇಶದಾವ ಬಬಲೇಶ್ವರಕ್ಕ ಸಾಕ್ಷಿ ಹೇಳಾಕ ಬರ್ತಾನೇನು?" ಇವತ್ತೂ ನನಗೆ ಅದು ತಪ್ಪು ಸಲಹೆ ಅನ್ನಿಸುವುದಿಲ್ಲ. ತಬಸ್ಸುಮ ಕಂಪ್ಯೂಟರಿನ ಕಡೆ ತಿರುಗಿದಳು. ಮೊದಲು ಆ ದೂರದವನಿಗೆ ಬರೆದಳು: ನಿಮ್ಮ ತಿದ್ದುಪಡಿ ಸರಿಯಿದೆ, ತಪ್ಪು ನನ್ನದು, ನಾನು ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಆಮೇಲೆ ಬಬಲೇಶ್ವರದ ಬಸ್ಸಿಗೆ ಹೊರಟಳು. ನಾನು ಗೊಣಗುತ್ತಲೇ ಹತ್ತಿದೆ.

ರಾಚವ್ವ ಅಂಗಳದಲ್ಲಿ ಆಡುಗಳಿಗೆ ಸೊಪ್ಪು ಹಾಕುತ್ತಿದ್ದಳು. ತಬಸ್ಸುಮ ಕೂರಲೂ ಇಲ್ಲ.

"ಅವತ್ತ ಅವರ ತಪ್ಪ ಅಂದಿದ್ನಲ್ಲರಿ ಯವ್ವಾ. ಅವರದಲ್ಲ. ನಂದ." ಎಲ್ಲವನ್ನೂ ಬಿಡಿಸಿ ಹೇಳಿದಳು.

ರಾಚವ್ವ ಕೇಳಿಸಿಕೊಂಡಳು. "ಏಳು ಮಕ್ಕಳಿಗೂ ಒಂದ ಹೆಸರಿಟ್ಟು ಕೂಗಿದ್ರ ಏಳೂ ಎದ್ದ ಬರ್ತಾವ. ಹಂಗ ಆತಲ್ಲ?"

"ಹಂಗ ಆತರಿ."

"ನೀ ಹೇಳದಿದ್ರ ನನಗ ತಿಳೀತಿತ್ತೇನು?"

"ಇಲ್ಲರಿ."

ರಾಚವ್ವ ಕೈಯೊಳಗಿನ ಸೊಪ್ಪನ್ನು ಅಷ್ಟೂ ಹಾಕಿ ಮುಗಿಸಿದಳು. "ಇನ್ನೊಮ್ಮಿ ಹಿಂಗಾದ್ರ ಪೆಟ್ಟಿಗಿ ಕಳಸ್ತೀನಿ ಅಂತ ಆರು ಮಂದಿಗೆ ನಾ ಮಾತ ಕೊಟ್ಟೇನಿ. ಅವರ ತಪ್ಪಾದ್ರ ಬ್ಯಾರೆ ಇತ್ತು. ನಿಂದಾತು. ಪೆಟ್ಟಿಗಿ ಒಯ್ಯವಾ."

ತಬಸ್ಸುಮ ಹೂಂ ಎಂದು ತಲೆಯಾಡಿಸಿದಳು. ಒಂದು ಗೂಡ್ಸ್ ಟೆಂಪೋ ಮಾಡಿಕೊಂಡು ಏಳೂ ಪೆಟ್ಟಿಗೆ ಹೇರಿಕೊಂಡು ಬಂದೆವು. ದಾರಿಯುದ್ದಕ್ಕೂ ನಾನು ಬೈದೆ: ರಾಚವ್ವನಿಗೆ, ಆ ದೇಶದವನಿಗೆ, ಕೊನೆಗೆ ಇವಳಿಗೆ. ಅವಳು ಹಿಂದೆ ಕಟ್ಟಿದ ಪೆಟ್ಟಿಗೆಗಳ ಹಗ್ಗ ಸಡಿಲಾಗಿದೆಯೇ ಎಂದು ತಿರುಗಿ ತಿರುಗಿ ನೋಡುತ್ತಿದ್ದಳು. ಅಂಗಡಿಯಲ್ಲಿ ಅವನ್ನು ಪೇರಿಸಿಟ್ಟ ಮೇಲೆ ಅವಳಿಗೆ ಕೂರಲು ಒಂದು ಸ್ಟೂಲಿನಷ್ಟು ಜಾಗ ಉಳಿಯಿತು. ನನಗೆ ಅಳು ಬಂತು.

ಆಮೇಲೆ ಅವಳು ಮಾಡಿದ ಕೆಲಸ ಕೇಳಿದರೆ ನೀವು ನಗುತ್ತೀರಿ. ಮುಕಾದಮನ ಕೈಪಿಡಿಯಲ್ಲಿ ಪಾಳಿಯ ವಿಷಯ ಬರೆದ ಕಡೆ ಒಂದು ಮಾತು ಸೇರಿಸಿ ಎಂದು ಕಳಿಸಿದಳು: ಒಂದು ಕಾರ್ಡಿನಿಂದ ನಕಲು ಇಳಿಸಿದ ಯಂತ್ರಗಳ ಗುರುತು ಒಂದೇ ಆಗಿದ್ದರೆ ಪಾಳಿಯೂ ಒಂದೇ ಆಗುತ್ತದೆ, ನಕಲು ಇಳಿಸುವ ಮೊದಲು ಗುರುತನ್ನು ಅಳಿಸಿ. ಇಷ್ಟಕ್ಕೇ ಅಲ್ಲಿನವರು ಎರಡು ಸಲ ವಾಪಸು ಕಳಿಸಿದರು, ಇನ್ನೂ ಚಿಕ್ಕದಾಗಿ ಬರೆಯಿರಿ ಎಂದು. ಮೂರನೆಯ ಸಲಕ್ಕೆ ಒಪ್ಪಿ ಸೇರಿಸಿದರು.

"ಇಷ್ಟು ವರ್ಷ ಓದಿ ಓದಿ, ಕಡೀಕ ನಿನ್ನ ಹೆಸರು ಬಂದದ್ದು ತಪ್ಪು ಮಾಡಿ," ಎಂದು ಕಾಡಿಸಿದೆ.

"ಯಾರದರೆ ತತ್ತಿ ಉಳೀತಾವ ಬಿಡು ಅಕ್ಕಾ," ಎಂದಳು. ನಕ್ಕಳು, ಆದರೆ ಕಣ್ಣು ಪೆಟ್ಟಿಗೆಗಳ ಮೇಲಿತ್ತು. ಬಿಡುವಾದಾಗಲೆಲ್ಲ ಒಂದೊಂದಕ್ಕೂ ಬೇರೆ ಬೇರೆ ಗುರುತು ಕೊಟ್ಟು, ಬೇಕೆಂದೇ ಮೇನು ಆರಿಸಿ ಹಚ್ಚಿ ನೋಡುತ್ತಿದ್ದಳು. ಅವು ಒಂದಾದ ಮೇಲೊಂದು ಏಳುತ್ತಿದ್ದವು. ಒಳಗೆ ಏನೂ ಇಲ್ಲದೆ, ಖಾಲಿ.

ಒಂದು ಮಧ್ಯಾಹ್ನ ನಾನು ಯಾರದೋ ಆಧಾರ್ ಕಾರ್ಡಿನ ನಕಲು ತೆಗೆಯುತ್ತಿದ್ದೆ. ರಾಚವ್ವ ತಲೆಯ ಮೇಲೆ ಬುಟ್ಟಿ ಹೊತ್ತು ಬಸ್ ಸ್ಟ್ಯಾಂಡಿನಿಂದ ಬಿಸಿಲಲ್ಲಿ ನಡೆದು ಬಂದಳು. ಬೋರ್ಡು ಓದಲು ಬಾರದೆ ನನ್ನನ್ನೇ ಕೇಳಿದಳು. ನಾನು ಗಿರಾಕಿಯನ್ನು ಅಲ್ಲೇ ಬಿಟ್ಟು ಅವಳನ್ನು ಕರೆದುಕೊಂಡು ಹೋದೆ. ಬುಟ್ಟಿಯ ತುಂಬ ಹೊಟ್ಟು, ಹೊಟ್ಟಿನೊಳಗೆ ತತ್ತಿ.

ತಬಸ್ಸುಮ ಸ್ಟೂಲಿನಿಂದ ಎದ್ದು ನಿಂತಳು.

"ಉಳಿದ ಮಂದಿ ಒಲ್ಲೆ ಅಂದಾರ," ಎಂದಳು ರಾಚವ್ವ, ಬುಟ್ಟಿ ಇಳಿಸುತ್ತ. "ಇವು ನನ್ನ ಮನಿವು ಅಷ್ಟ. ಪೆಟ್ಟಿಗಿ ಮ್ಯಾಲಿನ ನಂಬಿಗಿ ನನಗೂ ಹೋಗೇತಿ. ನಿನ್ನ ಮ್ಯಾಲಿಂದು ಹೋಗಿಲ್ಲ. ಇಲ್ಲೇ ನಿನ್ನ ಕಣ್ಣಮುಂದ ಇಡು."

ತಬಸ್ಸುಮ ಬಗ್ಗಿ ಒಂದು ತತ್ತಿ ಎತ್ತಿಕೊಂಡಳು. ಬೆಸುಗೆಯ ಸಣ್ಣ ತಂತಿ ಹಿಡಿಯುವ ಹಾಗೆ ಎರಡೇ ಬೆರಳ ತುದಿಯಲ್ಲಿ ಅದನ್ನು ಬೆಳಕಿಗೆ ಎತ್ತಿ ಹಿಡಿದಳು.

"ಕೈ ಗಟ್ಟಿ ಹಿಡಿ ಬೇ," ಎಂದಳು ರಾಚವ್ವ. "ಜೀವ ಅದಾವ ಅದರಾಗ."