ಕೆಂಪು ಬಟನ್ ಒತ್ತದವರು

ಮೊನ್ನೆ ಚಾರ್ಜರ್ ಹುಡುಕುತ್ತ ಕಪಾಟಿನ ಕೆಳಖಾನೆ ಕೆದಕಿದಾಗ ಹಳೆಯ ಮೊಬೈಲೊಂದು ಕೈಗೆ ಬಂತು. ಗಾಜು ಒಡೆದಿದೆ, ಜೀವ ಹೋಗಿ ವರ್ಷಗಳಾಗಿವೆ. ಮೂಗಿಗೆ ಹಿಡಿದರೆ ಜೋಳದ ಹಿಟ್ಟಿನ ವಾಸನೆ. ನಿಜವಾಗಿ ಇತ್ತೋ, ಇರಲಿ ಎಂದು ನನ್ನ ಮೂಗು ಬಯಸಿತೋ ಹೇಳಲಾರೆ. ಆದರೆ ಸ್ಪೀಕರಿನ ಸಣ್ಣ ತೂತುಗಳಲ್ಲಿ ಹಿಟ್ಟು ಗಟ್ಟಿಯಾಗಿ ಕೂತಿದೆ. ನೀವು ಪಕ್ಕದಲ್ಲಿದ್ದರೆ ತೋರಿಸುತ್ತಿದ್ದೆ.

ಅದು ದೊಡ್ಡವ್ವನ ಮೊಬೈಲು. ದೊಡ್ಡವ್ವ ಎಂದರೆ ನನ್ನ ತಾಯಿಯ ಅಕ್ಕ. ಸೇಡಂನ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಷ್ಟು ದಿನ ನಾನು ಅವಳ ಮನೆಯಲ್ಲೇ ಇದ್ದೆ, ಅವಳ ರೊಟ್ಟಿ ತಿಂದೇ ಈ ಗಾತ್ರಕ್ಕೆ ಬಂದೆ. ಕೊರೊನಾ ಬಂದು ಎಲ್ಲ ಬಂದ್ ಆದಾಗ ಕಾಲೇಜು ನನ್ನ ಮೊಬೈಲಿನೊಳಗೆ ಬಂದು ಕೂತಿತು. ಪರದೆಯ ಮೇಲೆ ನಲವತ್ತು ಹೆಸರು, ಒಂದೂ ಮುಖವಿಲ್ಲ. "ಕೇಳಸ್ತದೇನ್ರಪ್ಪಾ?" ಎಂದು ನಾನು ಕೂಗುವುದು, ಆ ಕಡೆ ಯಾರೂ ಪಿಟ್ಟೆನ್ನದಿರುವುದು. ಆದರೂ ಆನ್‌ಲೈನ್ ವಿದ್ಯೆಯಲ್ಲಿ ಊರಿಗೆ ನಾನೇ ಪಂಡಿತ ಎಂಬ ಹಮ್ಮು.

ಆಗಲೇ ಶಹಾಬಾದಿನಲ್ಲಿ ಅವ್ವನಿಗೆ ಆ ಜಡ್ಡು ತಗುಲಿತು. ಅಪ್ಪ, ತಮ್ಮ ಹೊರಗೆ, ಅವಳೊಬ್ಬಳೇ ಹಿಂದಿನ ಕೋಣೆಯಲ್ಲಿ. ತಾಟನ್ನು ಹೊಸ್ತಿಲಲ್ಲಿಟ್ಟು ದೂರ ಸರಿಯಬೇಕು. ಇಟ್ಟ ತಾಟು ಇಟ್ಟ ಹಾಗೇ ಇರುತ್ತಿತ್ತು. ಹೊಟ್ಟೆಗೆ ಏನೂ ಹೋಗದಿದ್ದರೆ ಉಳಿಯುವುದು ಕಷ್ಟ ಎಂದು ಡಾಕ್ಟರು ಅಂದಿದ್ದರು. ಚಿತ್ತಾಪುರ, ವಾಡಿ, ಅದರಾಚೆ ಶಹಾಬಾದ್. ರೈಲಿನಲ್ಲಿ ಒಂದು ತೂಕಡಿಕೆಯ ದಾರಿ. ಆ ದಿನಗಳಲ್ಲಿ ರೈಲೇ ಇರಲಿಲ್ಲ. ನನಗೆ ಬಹಳ ಭಯವಾಗಿತ್ತು. ಬರುತ್ತಿದ್ದ ಒಂದೇ ಕೆಲಸ ಮಾಡಿದೆ: ದೊಡ್ಡವ್ವನಿಗೆ ಎದುರು ಕೂತು, ಅವ್ವನಿಗೆ ಫೋನಿನಲ್ಲೇ ಹೇಳಿ, ಅಕ್ಕತಂಗಿಯರಿಬ್ಬರಿಗೂ ವಿಡಿಯೋ ಕಾಲ್ ಕಲಿಸಿದೆ. ಹಸಿರು ಒತ್ತಿದರೆ ಶುರು, ಕೆಂಪು ಒತ್ತಿದರೆ ಮುಗೀತು.

ಹಸಿರನ್ನು ಬೇಗ ಕಲಿತರು. ಕೆಂಪನ್ನು ಇಬ್ಬರೂ ಮುಟ್ಟಲಿಲ್ಲ. ನಮ್ಮ ಕಡೆ ಮನೆಗೆ ಬಂದವರು ತಾವಾಗಿ ಏಳಬೇಕೇ ಹೊರತು ಮನೆಯವರು ಏಳಿಸುವುದಿಲ್ಲ. ಎದ್ದರೂ "ಇನ್ನೊಂದೀಟು ಕುಂದ್ರಿ" ಎಂದು ಕೂರಿಸುವುದೇ ರೂಢಿ. ದೊಡ್ಡವ್ವನ ಲೆಕ್ಕದಲ್ಲಿ ತಂಗಿ ತನ್ನ ಮನೆಗೆ ಬಂದಿದ್ದಾಳೆ. ಅವ್ವನ ಲೆಕ್ಕದಲ್ಲಿ ಅಕ್ಕ ತನ್ನ ಮನೆಗೆ ಬಂದಿದ್ದಾಳೆ. ಏಳುವವರು ಯಾರು? ಮಾತು ಮುಗಿದರೂ ಮೊಬೈಲು ಹಿಟ್ಟಿನ ಡಬ್ಬಿಗೆ ಆತುಕೊಂಡು ನಡೆದೇ ಇರುತ್ತಿತ್ತು. ಅದಕ್ಕೆ ನೆಟ್ ಹೋಗುತ್ತಿದ್ದುದು ನನ್ನ ಮೊಬೈಲಿನಿಂದ. ಹತ್ತು ಗಂಟೆಗೆ ದಿನದ ಡೇಟಾ ಖಾಲಿ, ನನ್ನ ಪಾಠ ಅರ್ಧಕ್ಕೆ ಬಂದ್.

"ಮಾತು ಮುಗಿದ ಮ್ಯಾಲ ಕಟ್ ಮಾಡಬೇಕು ದೊಡ್ಡವ್ವ," ಎಂದೆ.

"ಜಡ್ಡಾದಾಕಿ ಮನಿಗಿ ಬಂದು ಕುಂತಾಳ. ಏಳು ಅನ್ಲೇನು?" ಎಂದಳು, ಹಿಟ್ಟಿನಿಂದ ಕಣ್ಣೆತ್ತದೆ.

ಒಂದು ದಿನ ಪಾಠಕ್ಕೆ ಹೊತ್ತಾಯಿತೆಂದು ನಾನೇ ಹೋಗಿ ಕೆಂಪು ಒತ್ತಿದೆ. ದೊಡ್ಡವ್ವ ಊಟದ ತಾಟನ್ನು ನನ್ನ ಮುಂದೆ ಸರಿಸಿ ಒಲೆಯ ಕಡೆ ತಿರುಗಿಕೊಂಡಳು. ಸಂಜೆ ತಮ್ಮನ ಫೋನು: "ವಿಡಿಯೋ ಶುರುವಾದಾಗಿಂದ ದಿನಾ ಎರಡು ಗುಟುಕು ಅಂಬಲಿಯಾದ್ರೂ ಕುಡೀತಿದ್ಲು. ಇವತ್ತು ನೀರೂ ಮುಟ್ಟಿಲ್ಲ. ಅಕ್ಕ ಯಾಕ ಎದ್ದು ಹೋದ್ಲು ಅಂತ ಕೇಳಲಿಕತ್ತಾಳ." ನನ್ನ ಪಾಂಡಿತ್ಯ ಅಲ್ಲಿಗೆ ಮುಗಿಯಿತು.

ಮರುದಿನ ಪಾಠ ಬಿಟ್ಟು ಅಡಿಗೆಮನೆಯ ಬಾಗಿಲಲ್ಲಿ ಕೂತೆ. ದೊಡ್ಡವ್ವ ನೆಲಕ್ಕೆ ಹಾಸುವ ಪರಸಿ ಕಲ್ಲಿನ ಮೇಲೆ, ಅದೂ ಶಹಾಬಾದಿನದೇ, ಟಪಟಪ ರೊಟ್ಟಿ ಬಡಿಯುತ್ತಿದ್ದಳು. ಪರದೆಯಲ್ಲಿ ಅವ್ವ ಗೋಡೆಗೆ ಮುಖ ಮಾಡಿ ಮಲಗಿದ್ದಳು. ನಾಲ್ಕಾರು ರೊಟ್ಟಿ ಹಂಚಿಗೆ ಬಿದ್ದವು. ಆಮೇಲೆ ಅವ್ವ ಮೆಲ್ಲಗೆ ಈ ಕಡೆ ಹೊರಳಿದಳು.

"ಅಕ್ಕಾ, ಹಂಚಿನ ಮ್ಯಾಲಿಂದು ಹೊತ್ತಲಿಕತ್ತದ ನೋಡು."

"ಹೊತ್ತಲಿ. ನೀ ಒಂದು ತುತ್ತು ಮುರಿ, ನಾ ತಿರುವಿ ಹಾಕ್ತೀನಿ."

ಹಂಚಿನಿಂದ ಹೊಗೆ ಎದ್ದಿತು. ದೊಡ್ಡವ್ವ ಕೈ ಕಟ್ಟಿ ಕೂತುಬಿಟ್ಟಳು, ಜನ್ಮದಲ್ಲಿ ಒಂದು ರೊಟ್ಟಿ ಕೆಡಿಸಿದವಳಲ್ಲ. ಅವ್ವನಿಗೆ ನೋಡಲಾಗಲಿಲ್ಲ. ಗೋಡೆ ಹಿಡಿದು ಎದ್ದು ಕೂತಳು, ತಾಟು ಎಳೆದುಕೊಂಡಳು, ತಣ್ಣಗಾದ ರೊಟ್ಟಿಯ ಚೂರನ್ನು ಪುಂಡಿಪಲ್ಯಕ್ಕೆ ಹಚ್ಚಿ ಬಾಯಿಗಿಟ್ಟಳು. ಆಗ ಈ ಕಡೆ ದೊಡ್ಡವ್ವ ರೊಟ್ಟಿ ತಿರುವಿ ಹಾಕಿದಳು.

ನಾನು ಬೆರಗಾಗಿ ನೋಡುತ್ತಿದ್ದೆ. ಎರಡಕ್ಷರ ಬಾರದ ಇಬ್ಬರು ಹೆಂಗಸರು, ನಡುವೆ ಮುಚ್ಚಿದ ದಾರಿ, ಅಂಗೈಯಗಲದ ಗಾಜಿನಲ್ಲಿ ಒಂದೇ ಒಲೆಯ ಮುಂದೆ ಕೂತಿದ್ದರು. ವಾರಗಟ್ಟಲೆ ಅಂಥದೇ ಗಾಜಿಗೆ ಪಾಠ ಹೇಳಿದವನು ನಾನು. ಅದರಿಂದ ಇಷ್ಟು ಆಗುತ್ತದೆಂದು ನನಗೇ ಗೊತ್ತಿರಲಿಲ್ಲ. ಆ ಬೆರಗು ಇಂದಿಗೂ ಇಳಿದಿಲ್ಲ.

ಅವ್ವ ಉಳಿದಳು. ನನಗೆ ಚಿಂಚೋಳಿಗೆ ವರ್ಗವಾಯಿತು; ದೊಡ್ಡವ್ವನಿಗೆ ಹೊಸ ಮೊಬೈಲು ಕೊಡಿಸಿ ಈ ಹಳೆಯದನ್ನು ನಾನು ತಂದುಕೊಂಡೆ. ಈಗ ಡೇಟಾಕ್ಕೇನೂ ಬರವಿಲ್ಲ. ಅವ್ವನಿಗೆ ಫೋನು ಮಾಡುತ್ತೇನೆ, ಗುಳಿಗೆ ತಗೊಂಡೆಯಾ ಎಂದು ಕೇಳುತ್ತೇನೆ, ಕೆಂಪು ಒತ್ತುತ್ತೇನೆ.

ಹಳೆಯ ಮೊಬೈಲಿನ ತೂತು ಸ್ವಚ್ಛ ಮಾಡೋಣವೆಂದು ಸೂಜಿ ಹಿಡಿದಿದ್ದವನು ಕೆಳಗಿಟ್ಟೆ. ಹಿಟ್ಟು ಅಲ್ಲೇ ಇರಲಿ. ನನ್ನ ಮೊಬೈಲಿನಿಂದ ಅವ್ವನಿಗೆ ವಿಡಿಯೋ ಕಾಲ್ ಹಚ್ಚಿದೆ.

"ಏನಪ್ಪಾ, ಏನು ಕೆಲಸಿತ್ತು?" ಎಂದಳು.

"ಏನಿಲ್ಲವ್ವ. ಸುಮ್ನ ಬಂದೀನಿ."

ಅವ್ವ ಮೊಬೈಲನ್ನು ಯಾವುದೋ ಡಬ್ಬಿಗೆ ಆನಿಸಿ ನಿಲ್ಲಿಸಿದಳು.

"ಕುಂದ್ರು ಹಂಗಾದ್ರ," ಎಂದು ಪುಂಡಿಸೊಪ್ಪು ಬಿಡಿಸಲು ತೊಡಗಿದಳು. ನಾನು ಕೂತೆ.